ಕಥೆ ಬೇಡ, ವಿಷಯ ಹೇಳು

ಕಳೆದ ತಿಂಗಳು ನಮ್ಮ ಹಳೆಯ ಶಾಲೆಗೆ ಹೊಸದಾಗಿ ಸೇರಿರುವ ಇಬ್ಬರು ಕನ್ನಡ ಶಿಕ್ಷಕಿಯರು ಯಲಹಂಕದ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿದರು, ನನ್ನ ಮಂಡಿನೋವಿನ ಸಮಾಚಾರ ಕೇಳಿದರು, ಆಮೇಲೆ ಮೆಲ್ಲಗೆ ಬಂದ ಕೆಲಸ ತೆಗೆದರು.

"ಮಿಸ್, ನಿಮ್ ಕಾಲದಲ್ಲಿ ಹತ್ತನೇ ಕ್ಲಾಸಿನ ಮಕ್ಳು ಪ್ರಬಂಧದಲ್ಲಿ ಮಾರ್ಕ್ಸೇ ಕಳ್ಕೊಳ್ತಿರ್ಲಿಲ್ವಂತೆ. ಈಗಿನ ಮಕ್ಳು ಏನ್ ಟಾಪಿಕ್ ಕೊಟ್ರೂ ಕಥೆ ಬರ್ಕೊಂಡು ಬರ್ತಾರೆ. ನೀವು ಹೇಗೆ ಮಾಡಿಸ್ತಿದ್ರಿ ಅಂತ ಒಂದ್ನಾಲ್ಕು ಪುಟ ಬರ್ಕೊಡಿ ಮಿಸ್, ಪ್ಲೀಸ್."

ಹೊಗಳಿದರೆ ಉಬ್ಬುವ ಸ್ವಭಾವ ನನ್ನದು. ಆಗಲಿ ಎಂದೆ. ಅವರು ಹೋದ ಮೇಲೆ ಕಾಗದ ಮುಂದಿಟ್ಟುಕೊಂಡು ಕೂತರೆ ಅವರು ಕೇಳಿದ್ದು ಒಂದು, ಕೈಗೆ ಬಂದದ್ದು ಇನ್ನೊಂದು. ನಾನು ಹೇಗೆ ಮಾಡಿಸುತ್ತಿದ್ದೆ ಎಂಬುದೇನೋ ಇದರಲ್ಲಿ ಇದೆ. ಆದರೆ ಅದನ್ನು ಬರೆಯುತ್ತಾ ಹೋದಂತೆ ನನಗೆ ಆದ ನಾಚಿಕೆಯೂ ಜೊತೆಗೇ ಬಂದು ಕೂತಿದೆ. ಅದನ್ನು ಎಬ್ಬಿಸಿ ಕಳಿಸಲು ನನ್ನಿಂದ ಆಗಲಿಲ್ಲ.

ಈ ಕೆಲಸಕ್ಕೆ ಹೊಸಬರಾದವರಿಗೆ ಮೊದಲು ಒಂದು ಮಾತು. ಏಳನೇ ತರಗತಿಯವರೆಗೆ ಮಕ್ಕಳು ಬರೆಯುವುದೆಲ್ಲ ತಮ್ಮ ಸುದ್ದಿಯೇ. ನಾನು ಕಂಡ ಮೃಗಾಲಯ, ನಮ್ಮ ಮನೆಯ ಹಬ್ಬ, ನನ್ನ ಗೆಳತಿ. ಬರೆಯುವಾಗ ನಾಲಗೆ ಹೊರಗೆ ಹಾಕಿಕೊಂಡು, ಬೆಂಚಿನ ಮೇಲೆ ಅರ್ಧ ಮಲಗಿಕೊಂಡು ಬರೆಯುತ್ತಾರೆ. ಎಂಟನೇ ತರಗತಿಗೆ ಬಂದ ಕೂಡಲೇ ನಾವು ಅವರ ಕೈಗೆ "ಗ್ರಂಥಾಲಯದ ಮಹತ್ವ", "ತ್ಯಾಜ್ಯ ನಿರ್ವಹಣೆ", "ನಗರೀಕರಣ" ಕೊಡುತ್ತೇವೆ. ಇನ್ನು ಮೇಲೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಇನ್ನು ಮೇಲೆ ಮಾಹಿತಿ. ಮಕ್ಕಳಿಗೆ ದಿಕ್ಕೇ ತೋಚುವುದಿಲ್ಲ. ಅಲ್ಲಿಯವರೆಗೆ ತಾವು ಇದ್ದ ಜಾಗದಲ್ಲಿ ಈಗ ಯಾರಿರಬೇಕು ಎಂದು ಅವರಿಗೆ ಗೊತ್ತಾಗುವುದಿಲ್ಲ. ಈ ಹೊಳೆ ದಾಟಿಸುವುದೇ ನಮ್ಮ ಕೆಲಸ.

ಸೇರಿದ ಹೊಸತರಲ್ಲಿ ನಾನು ಯಾರನ್ನೂ ದಾಟಿಸಲು ಹೋಗಲಿಲ್ಲ. ನನಗೇ ಅವರ ಕಥೆಗಳು ಇಷ್ಟ. "ವಿದ್ಯುತ್ ಉಳಿತಾಯ" ಎಂದು ಬರೆಯಲು ಕೊಟ್ಟರೆ ಒಬ್ಬ ಹುಡುಗ ಅವರ ಚಿಕ್ಕಪ್ಪ ಕಂಬದ ತಂತಿಗೆ ಕೊಕ್ಕೆ ಹಾಕಲು ಹೋಗಿ ಶಾಕ್ ಹೊಡೆಸಿಕೊಂಡು ಸೌತೆಕಾಯಿ ಗಾಡಿಯ ಮೇಲೆ ಬಿದ್ದದ್ದನ್ನು ಬರೆದಿದ್ದ. ಸ್ಟಾಫ್ ರೂಮಿನಲ್ಲಿ ಓದಿ ಎಲ್ಲರನ್ನೂ ನಗಿಸಿದೆ. ಮಾರ್ಕ್ಸೂ ಧಾರಾಳವಾಗಿ ಕೊಟ್ಟೆ.

ಆ ವರ್ಷವೇ ತಪಾಸಣೆಗೆ ಸಾಹೇಬರು ಬಂದರು. ಸಫಾರಿ ಸೂಟು, ಕೈಯಲ್ಲಿ ನಶ್ಯದ ಡಬ್ಬಿ. ನನ್ನ ತರಗತಿಗೇ ಬಂದು ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ, "ಗ್ರಂಥಾಲಯದ ಉಪಯೋಗಗಳನ್ನ ಹೇಳಮ್ಮ" ಎಂದರು. ಅವಳು ಕೈಕಟ್ಟಿ ನಿಂತು, ಬಹಳ ಚೆನ್ನಾಗಿ, ನಮ್ಮ ಶಾಲೆಯ ಗ್ರಂಥಾಲಯದ ಬೀಗದ ಕೈ ಕಳೆದುಹೋಗಿ ಜವಾನ ಕಿಟಕಿಯಿಂದ ಇಳಿದದ್ದು, ಒಳಗೆ ಬೆಕ್ಕು ಮರಿ ಹಾಕಿದ್ದು, ಅಂದಿನಿಂದ ಯಾರೂ ಒಳಗೆ ಹೋಗದಿದ್ದದ್ದು ಎಲ್ಲವನ್ನೂ ಹೇಳಿದಳು. ಸಾಹೇಬರು ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಏನ್ರೀ ಮೇಡಂ, ಪ್ರಬಂಧ ಕೇಳಿದ್ರೆ ಹರಿಕಥೆ ಮಾಡ್ತಾರಲ್ರೀ ನಿಮ್ಮ ಮಕ್ಕಳು?" ಎಂದರು. ಪಕ್ಕದಲ್ಲಿ ನಿಂತಿದ್ದ ಹೆಡ್ಮಾಸ್ಟರ ಮುಖ ಕಪ್ಪಿಟ್ಟಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೆಕ್ಕಿನ ಮರಿಗಳ ಸುದ್ದಿ ಕೇಳಿ ಹಿಂದಿನ ಬೆಂಚಿನ ಮಕ್ಕಳು ಇನ್ನೂ ನಗುತ್ತಲೇ ಇದ್ದರು.

ಆ ಅವಮಾನ ನನ್ನ ಮೈಗೆ ಹಿಡಿಯಿತು. ಅಲ್ಲಿಂದ ಮುಂದೆ ನಾನು ಬೇರೆಯೇ ಹೆಂಗಸಾದೆ.

ನನ್ನ ವಿಧಾನ ಇದು. ಶನಿವಾರ ಬೆಳಗಿನ ಶಾಲೆ, ಕೊನೆಯ ಪೀರಿಯಡ್ಡು ನನ್ನದು. ವಾರವಿಡೀ ಬರೆದ ಪ್ರಬಂಧವನ್ನು ಒಬ್ಬೊಬ್ಬರಾಗಿ ಎದ್ದು ನಿಂತು ಗಟ್ಟಿಯಾಗಿ ಓದಬೇಕು. ನಾನು ಮೇಜಿನ ಹಿಂದೆ ಡಸ್ಟರ್ ಹಿಡಿದು ಕೂರುತ್ತಿದ್ದೆ. ವಿಷಯ ಬಿಟ್ಟು ಮನೆಯ ಸುದ್ದಿಗೆ ಹೊರಳಿದರೆ ಡಸ್ಟರಿನಿಂದ ಮೇಜಿನ ಮೇಲೆ ಟಕ್. "ಕಥೆ ಬೇಡ, ವಿಷಯ ಹೇಳು." ಟಕ್ ಎಂದ ಮೇಲೆ ಓದುವಂತಿಲ್ಲ, ಇದ್ದಲ್ಲೇ ನಿಲ್ಲಿಸಿ ಕೂರಬೇಕು. ಮುಂದಿನ ವಾರ ತಿದ್ದಿಕೊಂಡು ಬರಬೇಕು.

ಮಕ್ಕಳಿಗೆ ಇದು ಒಂದು ಆಟವೇ ಆಯಿತು. ಯಾರಾದರೂ "ಒಂದು ದಿನ ನಮ್ಮಪ್ಪ" ಎಂದು ಶುರು ಮಾಡಿದರೆ ನನಗಿಂತ ಮೊದಲೇ ಅರ್ಧ ಕ್ಲಾಸು ಬೆಂಚು ಕುಟ್ಟುತ್ತಿತ್ತು. ನಾನೂ ನಗುತ್ತಿದ್ದೆ. ನಿಂತವರ ಮುಖದ ಕಡೆ ನೋಡುತ್ತಿದ್ದೆನೋ ಇಲ್ಲವೋ ನೆನಪಿಲ್ಲ. ನೋಡಿರಲಾರೆ. ನೋಡಿದ್ದರೆ ಅಷ್ಟು ವರ್ಷ ನಡೆಸಲು ಆಗುತ್ತಿರಲಿಲ್ಲ.

ಫಲಿತಾಂಶವೇನೋ ಬಂತು. ಪಕ್ಕದ ಶಾಲೆಯವರು ನೋಡಿಕೊಂಡು ಹೋಗಲು ಬಂದರು. ಮೌಲ್ಯಮಾಪನಕ್ಕೆ ಹೋದರೂ ನಾನು ಅದೇ ಡಸ್ಟರು ತಲೆಯೊಳಗೆ ಇಟ್ಟುಕೊಂಡೇ ಹೋಗುತ್ತಿದ್ದೆ. ಒಮ್ಮೆ "ರಸ್ತೆ ಸುರಕ್ಷತೆ"ಯ ಪ್ರಬಂಧದಲ್ಲಿ ಯಾವುದೋ ಊರಿನ ಯಾವುದೋ ಮಗು, ಅವರ ಅಣ್ಣ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬೈಕಿನಿಂದ ಬಿದ್ದದ್ದನ್ನು ಬರೆದಿತ್ತು. ಹೆಲ್ಮೆಟ್ ಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು, ಈಗಲೂ ಅಲ್ಲೇ ಇದೆ ಎಂದು ಮುಗಿದಿತ್ತು. ನಾನು ಪಕ್ಕದಲ್ಲಿ "ವಿಷಯಾಂತರ" ಎಂದು ಬರೆದು ಐದಕ್ಕೆ ಒಂದೂವರೆ ಮಾರ್ಕ್ಸ್ ಹಾಕಿದೆ. ಎದುರಿಗೆ ಕೂತಿದ್ದ, ಕೋಲಾರದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯ ಮೇಷ್ಟ್ರು ಅದನ್ನು ಕಂಡು, "ಓದಿದ್ರೇನಮ್ಮ?" ಎಂದರು. "ಓದ್ದೆ ಸಾರ್" ಎಂದೆ. ಅವರು ತಮ್ಮ ಉತ್ತರಪತ್ರಿಕೆಗಳ ಕಟ್ಟಿನ ಕಡೆ ತಿರುಗಿಕೊಂಡರು. ನನಗೆ ರೇಗಿತು. ಮುದುಕನಿಗೆ ನಿಯಮ ಗೊತ್ತಿಲ್ಲ ಎಂದುಕೊಂಡೆ.

ಇನ್ನು ಭವ್ಯ.

ಭವ್ಯ ಅಮೃತಹಳ್ಳಿಯ ಹುಡುಗಿ. ಅಲ್ಲಿನ ಹಳೆಯ ಒಕ್ಕಲು ಮನೆತನ. ಅವರ ಹೊಲ ಇದ್ದ ಜಾಗದಲ್ಲಿ ಈಗ ದೊಡ್ಡ ಅಪಾರ್ಟ್‌ಮೆಂಟು ನಿಂತಿದೆ. ಅವಳ ಅಪ್ಪ ಮುನಿರಾಜು ಬಂದ ಹಣದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿ, ಆಮೇಲೆ ತಾವೇ ಕಟ್ಟಡದ ಕಂಟ್ರಾಕ್ಟು ಹಿಡಿಯುತ್ತಿದ್ದವರು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಅವಳಿಗೆ ನಾವು ಇಟ್ಟಿದ್ದ ಹೆಸರು "ಬಿಲ್ಡರ್ ಮಗಳು". ಓದುವುದರಲ್ಲಿ ಮಧ್ಯಮ. ಆದರೆ ಶಾಲೆಗೆ ಬರುವುದು ಮಾತ್ರ ದಿನಾ ತಡ.

ಆ ವರ್ಷ ಹತ್ತನೇ ತರಗತಿಗೆ ಕ್ಲಾಸ್ ಟೀಚರೂ ನಾನೇ, ಗೇಟಿನ ಹತ್ತಿರ ನಿಲ್ಲುವವಳೂ ನಾನೇ. ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆ ಒಳಗೆ ಪ್ರವೇಶವಿಲ್ಲ, ಹಾಜರಿಯೂ ಇಲ್ಲ ಎಂದು ಒಂದು ನಿಯಮ ಮಾಡಿದ್ದೆ. ಗಮನಿಸಿ, ಇದು ಇಲಾಖೆಯ ನಿಯಮವಲ್ಲ, ನನ್ನದು. ಹೆಡ್ಮಾಸ್ಟರ್ ಶಿವಣ್ಣ ಸಾರ್ ಮೆದು ಮನುಷ್ಯ. "ಸ್ವಲ್ಪ ನೋಡ್ಕೊಂಡ್ ಮಾಡಿ ಮೇಡಂ" ಎಂದು ಅಂದರೂ ತಡೆಯಲಿಲ್ಲ.

ಭವ್ಯ ಓಡಿಕೊಂಡು ಬರುತ್ತಿದ್ದಳು. ಯೂನಿಫಾರ್ಮಿನ ಅಂಚಿಗೆ ಒದ್ದೆ ಮಣ್ಣು, ಜಡೆ ಅರ್ಧ ಬಿಚ್ಚಿರುತ್ತಿತ್ತು. ಗೇಟಿನ ಆಚೆ ನಿಂತು ಏದುಸಿರು ಬಿಡುತ್ತಾ, "ಮಿಸ್, ಏನಾಯ್ತು ಅಂದ್ರೆ ಮಿಸ್, ಬೆಳಿಗ್ಗೆ ನಮ್ಮಜ್ಜಿ..." ಎಂದು ಶುರು ಮಾಡುವಳು.

"ಕಥೆ ಬೇಡ ಭವ್ಯ. ವಿಷಯ ಹೇಳು. ತಡ ಆಯ್ತೋ ಇಲ್ವೋ?"

"ಆಯ್ತು ಮಿಸ್."

"ಹಾಗಾದ್ರೆ ಮನೆಗೆ ಹೋಗು."

ಅವಳು ಎರಡನೇ ಸಲ ಬೇಡಿಕೊಳ್ಳುತ್ತಿರಲಿಲ್ಲ. ತಿರುಗಿ ಹೋಗುತ್ತಿದ್ದಳು. ಅದನ್ನು ನಾನು ಸೊಕ್ಕು ಎಂದುಕೊಂಡೆ.

ಶನಿವಾರದ ಬೆಳಗಿನ ಶಾಲೆಗೆ ಮಾತ್ರ, ಕತ್ತಲಿರುವಾಗಲೇ ಮನೆ ಬಿಡುತ್ತಿದ್ದಳೇನೋ, ಹೊತ್ತಿಗೆ ಸರಿಯಾಗಿ ಬಂದಿರುತ್ತಿದ್ದಳು. ಆ ದಿನದ ಓದಿಗೆ "ನಗರೀಕರಣ" ಕೊಟ್ಟಿದ್ದೆ. ಭವ್ಯ ಎದ್ದು ನಿಂತು ಓದಿದಳು: "ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುತ್ತಾರೆ. ಆದರೆ ಹೊಲ ಇಲ್ಲ."

ಟಕ್.

"ವಿಷಯ ಏನು?"

"ನಗರೀಕರಣ ಮಿಸ್."

"ಮತ್ತೆ ಮಧ್ಯೆ ನಿಮ್ಮಜ್ಜಿ ಎಲ್ಲಿಂದ ಬಂದ್ರು?"

ಕ್ಲಾಸು ಗೊಳ್ಳೆಂದಿತು. ಭವ್ಯ ಕೂತಳು. ಮುಂದಿನ ವಾರವೂ ಅಜ್ಜಿಯೇ. ಈ ಸಲ ಅಪಾರ್ಟ್‌ಮೆಂಟಿನ ಗೇಟಿನವರೆಗೆ ಬಂದಿದ್ದರು, ಅಷ್ಟರಲ್ಲಿ ಟಕ್. ಅದರ ಮುಂದಿನ ವಾರ ಅಜ್ಜಿ ಸೆಕ್ಯೂರಿಟಿಯವನ ಜೊತೆ ಮಾತಿಗೆ ನಿಂತಿದ್ದರು. ಟಕ್. ಈ ಹುಡುಗಿಗೆ ತಲೆ ಇಲ್ಲವೋ, ನನ್ನನ್ನು ಕೆಣಕುತ್ತಿದ್ದಾಳೋ ಎಂದು ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಸಣ್ಣವಳಾಗುತ್ತೇನೆ. ಆ ವಾರ ಬೇಕೆಂದೇ "ಸಮಯಪಾಲನೆ" ಎಂಬ ವಿಷಯ ಕೊಟ್ಟೆ. ಯಾರಿಗಾಗಿ ಕೊಟ್ಟದ್ದು ಎಂದು ಇಡೀ ತರಗತಿಗೆ ತಿಳಿಯಲಿ ಎಂದು ಅವಳನ್ನೇ ಮೊದಲು ಎಬ್ಬಿಸಿದೆ.

"ನಾನು ಶಾಲೆಗೆ ತಡವಾಗಿ ಬರುತ್ತೇನೆ" ಎಂದು ಓದಿದಳು. "ಯಾಕೆಂದರೆ..."

ಟಕ್.

ಆ ದಿನ ಕ್ಲಾಸಿನಲ್ಲಿ ಎದ್ದ ನಗು ಪಕ್ಕದ ತರಗತಿಗೂ ಕೇಳಿ, ಗಣಿತದ ಮೇಷ್ಟ್ರು ಇಣುಕಿ ನೋಡಿಕೊಂಡು ಹೋದರು. ಭವ್ಯ ಮಾತ್ರ ಕೂರದೆ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆ "ಯಾಕೆಂದರೆ" ಅವಳ ಬಾಯಲ್ಲೇ ಉಳಿಯಿತು. ನಾನು ಡಸ್ಟರನ್ನು ಇನ್ನೊಂದು ಸಲ ಕುಟ್ಟದೆ ಸುಮ್ಮನಿದ್ದಿದ್ದರೆ ಅದು ಹೊರಗೆ ಬರುತ್ತಿತ್ತು. ಕುಟ್ಟಿದೆ. ಕೂತಳು.

ಮುಂದಿನ ಶನಿವಾರ ಅವಳು ಬೇರೆಯೇ ಹುಡುಗಿ. "ಕಾಲವು ಅಮೂಲ್ಯವಾದುದು. ಕಳೆದ ಕಾಲ ಮತ್ತೆ ಬಾರದು. ವಿದ್ಯಾರ್ಥಿ ಜೀವನದಲ್ಲಿ ಸಮಯಪಾಲನೆಗೆ ವಿಶೇಷ ಮಹತ್ವವಿದೆ." ಎಲ್ಲೂ ತಡವರಿಸದೆ, ಎಲ್ಲೂ ತಲೆಯೆತ್ತದೆ ಓದಿ ಮುಗಿಸಿದಳು. ಅಜ್ಜಿ ಇಲ್ಲ, ಅಪ್ಪ ಇಲ್ಲ, ಅವಳೂ ಇಲ್ಲ. ನಾನು ಭೇಷ್ ಎಂದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದೆ. ಅಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು, ಕೊನೆಗೂ ಇದನ್ನು ದಾಟಿಸಿದೆನಲ್ಲ ಎಂದು ಒಬ್ಬಳೇ ಖುಷಿಪಟ್ಟೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಚಳಿಗಾಲಕ್ಕೆ ಇಲಾಖೆಯವರು ಹಾಜರಾತಿಯ ಲೆಕ್ಕ ಕೇಳಿದರು. ಹಾಜರಿ ಸಾಲದವರನ್ನು ಪಬ್ಲಿಕ್ ಪರೀಕ್ಷೆಗೆ ಕೂರಿಸುವಂತಿಲ್ಲ. ನಮ್ಮ ತರಗತಿಯಿಂದ ಹೋದದ್ದು ಭವ್ಯಳ ಹೆಸರು ಒಂದೇ. ಶಿವಣ್ಣ ಸಾರ್ ಸಹಿ ಹಾಕುವ ಮುಂಚೆ ಪೆನ್ನು ಹಿಡಿದು ಕೂತರು.

"ಈ ಹುಡುಗೀದೇನು ಮೇಡಂ? ಮನೇಲಿ ಏನಾದ್ರೂ ತೊಂದ್ರೆನಾ?"

"ಬಿಲ್ಡರ್ ಮಗಳು ಸಾರ್. ಪಾಸಾದ್ರೆಷ್ಟು, ಬಿಟ್ರೆಷ್ಟು" ಎಂದೆ.

ಅವರು ಸಹಿ ಹಾಕಿದರು. ಮುನಿರಾಜುಗೆ ಹೇಳಿ ಕಳಿಸಿದೆವು. ಬಿಳಿ ಅಂಗಿ, ಬೆರಳಲ್ಲಿ ದೊಡ್ಡ ಉಂಗುರ, ಆದರೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಗಳು ಯಾಕೆ ಬರುವುದಿಲ್ಲ ಎಂದು ಸಾರ್ ಎರಡು ಮೂರು ರೀತಿಯಲ್ಲಿ ಕೇಳಿದರು.

"ಮನ್ಯಾಗೆ ಒಂದಲ್ಲ ಒಂದು ಇರ್ತದೆ ಸಾ. ಎಲ್ಲಾ ಏಳ್ಕೊಳಕ್ಕಾಗಲ್ಲ. ನಮ್ದೇ ತಪ್ಪು ಬುಡಿ" ಎಂದು ನೆಲ ನೋಡುತ್ತಾ ಹೇಳಿ, ಕೈಮುಗಿದು ಎದ್ದು ಹೋದರು. ದುಡ್ಡಿನ ಧಿಮಾಕು ನೋಡಿ ಎಂದೆ ನಾನು, ಅವರು ಬಾಗಿಲು ದಾಟುವ ಮುಂಚೆಯೇ.

ಮರುದಿನ ತರಗತಿಯಲ್ಲಿ ಇದನ್ನೇ ಪಾಠ ಮಾಡಿದೆ. ಭವ್ಯ ಬಂದಿರಲಿಲ್ಲ. "ನೋಡಿದ್ರಾ, ಟೈಮಿಗೆ ಬೆಲೆ ಕೊಡದಿದ್ರೆ ಏನಾಗುತ್ತೆ" ಎಂದೆ. ಸಾಮಾನ್ಯವಾಗಿ ನನ್ನ ಇಂಥ ಮಾತಿಗೆ ನಾಲ್ಕು ಜನವಾದರೂ ನಗುತ್ತಿದ್ದರು. ಅಂದು ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಆಶಾ ಎಂಬ ಹುಡುಗಿ ಎದ್ದು ನಿಂತಳು. ಭವ್ಯಳ ಪಕ್ಕ ಕೂರುತ್ತಿದ್ದವಳು.

"ಮಿಸ್, ನಿಮಗೆ ನಿಜವಾಗ್ಲೂ ಗೊತ್ತಿಲ್ವಾ ಮಿಸ್?"

"ಏನು ಗೊತ್ತಿಲ್ಲ?"

"ಅವ್ಳು ಯಾಕ್ ಲೇಟಾಗಿ ಬರ್ತಾಳೆ ಅಂತ. ಕ್ಲಾಸ್ಗೆಲ್ಲ ಗೊತ್ತು ಮಿಸ್."

ಆಶಾ ಹೇಳುತ್ತಾ ಹೋದಳು. ಮಧ್ಯೆ ಬೇರೆ ಮಕ್ಕಳೂ ಸೇರಿಕೊಂಡರು. ಭವ್ಯಳ ಅಜ್ಜಿಗೆ ಮರೆವಿನ ಕಾಯಿಲೆ. ಹೊಲ ಮಾರಿದ್ದು, ಅಪಾರ್ಟ್‌ಮೆಂಟು ಎದ್ದದ್ದು ಅವರ ತಲೆಯಲ್ಲಿ ಉಳಿದಿಲ್ಲ. ಬೆಳಗಾದರೆ ಬಿದಿರಿನ ಮಂಕರಿ, ಕುಡುಗೋಲು ಹಿಡಿದು ಹೊರಡುತ್ತಾರೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತು ಸೆಕ್ಯೂರಿಟಿಯವನಿಗೆ "ನಮ್ಮೊಲುಕ್ಕೆ ಬೀಗ ಆಕಕ್ಕೆ ನೀನ್ಯಾವನ್ಲಾ" ಎಂದು ಬೈಯುತ್ತಾರೆ. ಹೇಗೋ ಒಳಗೆ ನುಗ್ಗಿದರೆ ಅಲ್ಲಿನ ಹುಲ್ಲುಹಾಸನ್ನು ಕಳೆ ಎಂದು ಕಿತ್ತು ಗುಡ್ಡೆ ಹಾಕುತ್ತಾರೆ. ಅಪಾರ್ಟ್‌ಮೆಂಟಿನವರು ಪೊಲೀಸರನ್ನು ಕರೆಸುತ್ತೇವೆ ಎಂದಿದ್ದರು. ಮಗ ಮುನಿರಾಜು ಕರೆಯಲು ಹೋದರೆ, ಯಾರೋ ಹೊಲ ಕದಿಯಲು ಬಂದವನು ಎಂದು ಕುಡುಗೋಲು ಎತ್ತುತ್ತಾರೆ. ಸೊಸೆಯ ಗುರುತು ಹಿಡಿಯುವುದಿಲ್ಲ. ಭವ್ಯ ಹೋಗಿ ಜೊತೆಗೆ ಕೂತು, ಒಂದಿಷ್ಟು ಹುಲ್ಲು ಕಿತ್ತು, "ಅಜ್ಜಿ, ಇವತ್ತಿಗೆ ಸಾಕು ಬಾ, ಹಿಟ್ಟು ಆರೋಯ್ತದೆ" ಎಂದರೆ ಮಾತ್ರ ಎದ್ದು ಬರುತ್ತಾರೆ. ಮನೆಯ ಮರ್ಯಾದೆ, ಯಾರಿಗೂ ಹೇಳಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದಾರೆ. ಆದರೂ ಹುಡುಗಿ ಹೇಳಲು ನೋಡಿದ್ದಳು. ಗೇಟಿನಲ್ಲಿ ದಿನಾ, ಕ್ಲಾಸಿನಲ್ಲಿ ಪ್ರತಿ ಶನಿವಾರ.

"ನಿಮಗೆಲ್ಲ ಹೇಗೆ ಗೊತ್ತು?" ಎಂದೆ.

"ನೀವು ಡಸ್ಟರ್ ಕುಟ್ಟಿದ್ಮೇಲೆ ಬೆಲ್ಲಾದ ಕೂಡ್ಲೆ ಹೊರಗಡೆ ಅವ್ಳ ಕೈಲಿ ಮಿಕ್ಕಿದ್ದು ಓದಿಸ್ತಿದ್ವಿ ಮಿಸ್" ಎಂದಳು ಆಶಾ. "ಮುಂದೇನಾಯ್ತು ಅಂತ ಎಲ್ರಿಗೂ ಬೇಕಾಗಿತ್ತು."

ಇಡೀ ತರಗತಿಗೆ ಬೇಕಾಗಿದ್ದ ಮುಂದಿನ ಮಾತು ಬೇಡವಾಗಿದ್ದದ್ದು ನನಗೊಬ್ಬಳಿಗೇ. ನಾನು ಪಾಠ ಮುಂದುವರಿಸಲಿಲ್ಲ. ಕುರ್ಚಿಯಲ್ಲಿ ಕೂತೆ. ಮಕ್ಕಳು ನನ್ನನ್ನು ನೋಡುತ್ತಿದ್ದರು. ಅವರ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ವಾಸಿಯಿತ್ತು. ಪಾಪ ಮಿಸ್ಸಿಗೆ ಗೊತ್ತಿರಲಿಲ್ಲ ಎಂಬಂತೆ ನೋಡುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ನಾನು ಬಹುಶಃ ಬರೆಯುತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದು ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಗೊತ್ತಾದ ಮೇಲೆ ಮಾಡಿದ್ದು ಬೇರೆಯೇ ಇದೆ.

ಶಿವಣ್ಣ ಸಾರ್ ಬಳಿ ಓಡಿದೆ. ಅವರು ಪೂರ್ತಿ ಕೇಳಿ, "ಇನ್ನೂ ದಾರಿ ಇದೆ" ಎಂದರು. ಮೇಲಿನ ಕಚೇರಿಗೆ ಒಂದು ವಿವರಣೆ ಬರೆದು ಕಳಿಸಬೇಕು. ಹುಡುಗಿ ಎಷ್ಟೋ ದಿನ ಗೇಟಿನವರೆಗೆ ಬಂದೇ ಇದ್ದಾಳೆ. ಒಳಗೆ ಬಿಡದೆ ವಾಪಸ್ ಕಳಿಸಿದ್ದು ನಾವು. ಆ ದಿನಗಳನ್ನು ಹಾಜರಿ ಎಂದು ಹಿಡಿಯಿರಿ ಎಂದು ಕೇಳಬಹುದು. "ನೀವೇ ಬರೀರಿ ಮೇಡಂ. ನಡೆದಿದ್ದನ್ನ ನಡೆದ ಹಾಗೇ ಬರೀರಿ, ಸಾಕು."

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಬರೆದೆ. ಮೊದಲು ಕೈಗೆ ಬಂದದ್ದು ಸರಿಯಾಗಿಯೇ ಇತ್ತು. ಈ ಹುಡುಗಿ ದಿನಾ ಓಡಿಕೊಂಡು ಬರುತ್ತಿದ್ದಳು, ಕಾರಣ ಹೇಳಲು ಬಾಯಿ ತೆರೆದರೆ ನಾನು ತಡೆಯುತ್ತಿದ್ದೆ, ಇಲಾಖೆಯಲ್ಲಿ ಇಲ್ಲದ ನಿಯಮ ಮಾಡಿ ಗೇಟು ಮುಚ್ಚಿಸಿದವಳು ನಾನು ಎಂದು ಬರೆದೆ. ಓದಿ ನೋಡಿದೆ. ಇದು ಮೇಲೆ ಹೋದರೆ ನೋಟೀಸು ಬರುತ್ತದೆ. ನಿವೃತ್ತಿ ಹತ್ತಿರವಿತ್ತು. ಅಷ್ಟು ವರ್ಷದ ಒಳ್ಳೆಯ ಹೆಸರು. ಪಕ್ಕದ ಶಾಲೆಯವರು ಬಂದು ನೋಡಿಕೊಂಡು ಹೋದ ಡಸ್ಟರು.

ಆ ಹಾಳೆ ಹರಿದೆ. ಇನ್ನೊಂದು ಬರೆದೆ. "ಸದರಿ ವಿದ್ಯಾರ್ಥಿನಿಯ ಗೈರುಹಾಜರಿಗೆ ಕೌಟುಂಬಿಕ ಕಾರಣಗಳಿರುವುದು ತಡವಾಗಿ ಗಮನಕ್ಕೆ ಬಂದಿರುತ್ತದೆ. ವಿದ್ಯಾರ್ಥಿನಿಯ ಶೈಕ್ಷಣಿಕ ಹಿತದೃಷ್ಟಿಯಿಂದ ಸಹಾನುಭೂತಿಯಿಂದ ಪರಿಶೀಲಿಸಬೇಕೆಂದು ಕೋರಲಾಗಿದೆ." ಪೀಠಿಕೆ ಇತ್ತು, ವಿವರಣೆ ಇತ್ತು, ಉಪಸಂಹಾರ ಇತ್ತು. ಗೇಟು ಇರಲಿಲ್ಲ. ಗೇಟಿನಲ್ಲಿ ನಿಂತವಳೂ ಇರಲಿಲ್ಲ. ನಾನು ಮಕ್ಕಳಿಗೆ ಕಲಿಸಿದ್ದ ವಿದ್ಯೆ ಇಷ್ಟು ಚೆನ್ನಾಗಿ ನನ್ನ ಉಪಯೋಗಕ್ಕೆ ಬರುತ್ತದೆಂದು ನಾನು ತಿಳಿದಿರಲಿಲ್ಲ.

ಶಿವಣ್ಣ ಸಾರ್ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇಷ್ಟೇನಾ ಮೇಡಂ?" ಎಂದರು. "ಇಷ್ಟೇ ಸಾರ್" ಎಂದೆ. ಕೋಲಾರದ ಆ ಮೇಷ್ಟ್ರು ಅಂದು ತಮ್ಮ ಕಟ್ಟಿನ ಕಡೆ ತಿರುಗಿಕೊಂಡ ಹಾಗೆಯೇ ಇವರೂ ಕಾಗದದ ಕಡೆ ತಿರುಗಿಕೊಂಡರು.

ಅದು ವಾಪಸ್ ಬಂತು. ಕಾರಣ ಸ್ಪಷ್ಟವಿಲ್ಲ, ದಾಖಲೆ ಇಲ್ಲ, ಪರಿಗಣಿಸಲು ಬರುವುದಿಲ್ಲ. ಆ ಹೊತ್ತಿಗೆ ಅವಧಿಯೂ ಮುಗಿದಿತ್ತು. ಭವ್ಯಳ ಗೆಳತಿಯರು ಪರೀಕ್ಷೆ ಬರೆದರು, ಅವಳು ಬರೆಯಲಿಲ್ಲ. ಮರುವರ್ಷ ಖಾಸಗಿಯಾಗಿ ಕಟ್ಟಿ ಪಾಸಾದಳಂತೆ, ಆಮೇಲೆ ಕಾಲೇಜಿಗೂ ಹೋದಳಂತೆ. ಇದನ್ನು ಆಶಾ ಹೇಳಿದ್ದು. ಕೇಳಿ ಸಂತೋಷವಾಯಿತು. ಆ ಸಂತೋಷದಲ್ಲಿ ನನ್ನ ಪಾಲೇನೂ ಇಲ್ಲ.

ಹೊಸಬರಿಗೆ ನಾನು ಏನು ಹೇಳಲಿ? ಮಾಹಿತಿ ಬರೆಯಲು ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಹೇಳಬೇಕಾದ್ದನ್ನು ಕ್ರಮವಾಗಿ, ಗೊತ್ತಿಲ್ಲದವರಿಗೂ ತಿಳಿಯುವಂತೆ ಹೇಳಲು ಬಾರದಿದ್ದರೆ ಮಕ್ಕಳು ಮುಂದೆ ಕಷ್ಟಪಡುತ್ತಾರೆ. ಆದರೆ ಮೊದಲು ಅವರ ಕಥೆಯನ್ನು ಕೊನೆಯವರೆಗೆ ಕೇಳಿ. ಭವ್ಯಳ ಅಜ್ಜಿಯಲ್ಲಿ ನಗರೀಕರಣ ಪೂರ್ತಿ ಇತ್ತು. ಅಲ್ಲಿಂದ ಒಂದೊಂದೇ ಎತ್ತಿ, ಇದನ್ನು ಎಲ್ಲರಿಗೂ ಹೇಗೆ ಹೇಳೋಣ ಎಂದು ಅವಳ ಜೊತೆ ಕೂತು ಬರೆಸಬಹುದಿತ್ತು. ಆಗ ಹೊಳೆಯನ್ನು ಕಥೆಯ ಸಮೇತ ದಾಟುತ್ತಿದ್ದಳು. ನಾನು ಕಥೆಯನ್ನು ಈ ದಡದಲ್ಲಿ ಕೆಳಗಿಡಿಸಿ ಬರಿಗೈಯಲ್ಲಿ ದಾಟಿಸಿದೆ.

ಇದೆಲ್ಲ ಈಗ ತಿಳಿದದ್ದು. ಆಗ ತಿಳಿದದ್ದು, ಒಮ್ಮೆ ಹೋಗಿ ಕ್ಷಮೆ ಕೇಳಬೇಕು ಎಂಬುದಷ್ಟೇ. ಪರೀಕ್ಷೆಗಳು ನಡೆಯುತ್ತಿದ್ದ ದಿನಗಳಲ್ಲೇ ಒಂದು ಬೆಳಿಗ್ಗೆ ಅಮೃತಹಳ್ಳಿಗೆ ಹೋದೆ. ಮೂರಂತಸ್ತಿನ ಮನೆ, ಕೆಳಗೆಲ್ಲ ಬಾಡಿಗೆಯವರು. ಪಕ್ಕದಲ್ಲಿ ಹಳೆಯ ಕೊಟ್ಟಿಗೆ ಮಾತ್ರ ಹಾಗೇ ಇತ್ತು. ಅದರ ಮುಂದೆ ಬಿಸಿಲಲ್ಲಿ ಅಜ್ಜಿ ಕೂತಿದ್ದರು. ಸಣ್ಣ ಮೈ, ದೊಡ್ಡ ಕೈಗಳು. ಪಕ್ಕದಲ್ಲಿ ಮಂಕರಿ. ಮಂಕರಿಯ ತುಂಬ ಅಪಾರ್ಟ್‌ಮೆಂಟಿನ ಹುಲ್ಲು.

ಭವ್ಯ ನನ್ನನ್ನು ಕಂಡು ಗಾಬರಿಯಿಂದ ಎದ್ದಳು. ಕುರ್ಚಿ ತಂದು ಹಾಕಿದಳು, ನೀರು ಕೊಟ್ಟಳು. ಬರುವ ದಾರಿಯಲ್ಲಿ ಕ್ಷಮೆಯ ಮಾತು ಜೋಡಿಸಿಕೊಂಡಿದ್ದೆ. ಅದನ್ನು ಬಿಟ್ಟು, "ಆ ನಗರೀಕರಣದ ಪ್ರಬಂಧ ಇದ್ಯಾ? ಓದ್ತೀಯಾ? ಪೂರ್ತಿ ಓದು, ನಾನು ನಿಲ್ಸಲ್ಲ" ಎಂದೆ.

ಅವಳ ಮುಖ ಅರಳಿತು. ಒಳಗೆ ಓಡಿ ಹೋಗಿ ತಂದಳು. ತರಗತಿಯಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ನಿಂತಳು.

"ಪೀಠಿಕೆ. ಗ್ರಾಮೀಣ ಪ್ರದೇಶಗಳು ನಗರಗಳಾಗಿ ಪರಿವರ್ತನೆ ಹೊಂದುವ ಪ್ರಕ್ರಿಯೆಯನ್ನು ನಗರೀಕರಣ ಎನ್ನುತ್ತಾರೆ. ಇದರಿಂದ ಅನುಕೂಲಗಳೂ ಅನಾನುಕೂಲಗಳೂ ಇವೆ..."

ನಾನು ಕಾದೆ. ಅನುಕೂಲಗಳು ಮುಗಿದವು, ಅನಾನುಕೂಲಗಳು ಮುಗಿದವು. ಕೃಷಿಭೂಮಿ ಕಡಿಮೆಯಾಗುತ್ತಿರುವುದು ಕಳವಳಕಾರಿ ಎಂಬುದೂ ಬಂತು. ಉಪಸಂಹಾರವೂ ಬಂದು ಮುಗಿಯಿತು. ಅಜ್ಜಿ ಬಂದಿರಲಿಲ್ಲ.

ಬಿಸಿಲಲ್ಲಿ ಕೂತಿದ್ದ ಅಜ್ಜಿ ತಲೆಯೆತ್ತಿ, "ಯಾರ್ ಸುದ್ದಿ ಮಗಾ ಅದು?" ಎಂದು ಕೇಳಿದರು.

"ಯಾರ್ದೂ ಅಲ್ಲ ಅಜ್ಜಿ. ಪ್ರಬಂಧ."

ಆಮೇಲೆ ನನ್ನ ಕಡೆ ತಿರುಗಿ, ಮೆಲುದನಿಯಲ್ಲಿ, ನಾನು ಖುಷಿಪಡುತ್ತೇನೆಂಬ ನಂಬಿಕೆಯಲ್ಲಿ ಹೇಳಿದಳು. "ಅಜ್ಜಿನ ಪೂರ್ತಿ ತೆಗ್ದುಬಿಟ್ಟಿದೀನಿ ಮಿಸ್. ಮುಂದಿನ್ ವರ್ಷ ಪರೀಕ್ಷೇಲಿ ಬಂದ್ರೆ ಹಿಂಗೇ ಬರೀತೀನಿ. ಈಗ ಸರಿಯಾಗಿದ್ಯಾ? ಐದಕ್ಕೆ ಎಷ್ಟು ಕೊಡ್ತೀರಾ?"

ನಿಜಕ್ಕೂ ಅದರಲ್ಲಿ ಒಂದು ತಪ್ಪೂ ಇರಲಿಲ್ಲ. 'ತಪ್ಪಾಯಿತು ಮಗು' ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅವಳು ಕಣ್ಣರಳಿಸಿಕೊಂಡು ಕಾಯುತ್ತಿದ್ದಳು. ಅಜ್ಜಿ ಮಂಕರಿಯ ಹುಲ್ಲನ್ನು ತೆಗೆದು ಬಿಸಿಲಿಗೆ ಹರಡುತ್ತಿದ್ದರು.

ಕ್ಷಮೆ ಕೇಳಬೇಕೆಂದು ಹೋದವಳು ಐದಕ್ಕೆ ಐದು ಕೊಟ್ಟು ಎದ್ದು ಬಂದೆ.